ಡಿಎಸ್‌ಡಿ ಸಂಗೀತ ಕಚೇರಿಗಳನ್ನು ಫ್ಲಾಕ್‌ಗೆ ಇಳಿಸಿಕೊಂಡದ್ದು: ನನ್ನ ಅನುಭವ

ಗೆಳೆಯರೊಬ್ಬರು ಮನೆಯಲ್ಲಿ ನಡೆಯುವ ಸಂಗೀತ ಕಚೇರಿಗಳನ್ನು ಡಿಎಸ್‌ಡಿ ಎಂಬ ಡಿಜಿಟಲ್ ದನಿ ರೂಪದಲ್ಲಿ ರೆಕಾರ್ಡ್ ಮಾಡಿ ನನಗೂ ಒಂದು ಪ್ರತಿ ಕೊಡುತ್ತಾರೆ. ವೀಣೆ, ಮೃದಂಗ, ತಂಬೂರಿ, ಮೈಕ್ ಎರಡೇ. ಕೇಳಲು ಸೊಗಸು, ಇಟ್ಟುಕೊಳ್ಳಲು ತಾಪತ್ರಯ. ಗಂಟೆಗೆ ಸುಮಾರು ಎರಡೂವರೆ ಜಿಬಿ ನುಂಗುತ್ತದೆ, ಕಾರಿನ ಪ್ಲೇಯರ್ ಅದನ್ನು ಹಾಡಿನ ಫೈಲ್ ಎಂದೇ ಒಪ್ಪುವುದಿಲ್ಲ. ಹಾಗಾಗಿ ಎಲ್ಲವನ್ನೂ ಫ್ಲಾಕ್, ಅಂದರೆ ದನಿ ಕೆಡಿಸದೆ ಗಾತ್ರ ಕುಗ್ಗಿಸುವ ಫೈಲು, ಮಾಡಿಕೊಂಡೆ. ಕಾಸು ಕೊಟ್ಟು ತಂತ್ರಾಂಶ ಕೊಳ್ಳುವ ಅಗತ್ಯವೇನಿಲ್ಲ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್ ಮತ್ತು ಸಾಕ್ಸ್ ಎರಡೇ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ವೇವ್‌ನಿಂದ, ಅಂದರೆ ಕುಗ್ಗಿಸದ ಮಾಮೂಲಿ ದನಿ ಫೈಲಿನಿಂದ, ಫ್ಲಾಕ್‌ಗೆ ಹೋಗುವುದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಒಂದು ಬಿಟ್ಟೂ ಕಳೆದುಹೋಗುವುದಿಲ್ಲ. ಕಂಪ್ರೆಷನ್ ಮಟ್ಟ 0 ಇಡಿ, 8 ಇಡಿ, ಬದಲಾಗುವುದು ಫೈಲಿನ ಗಾತ್ರ ಮತ್ತು ಕಾಯುವ ಸಮಯ, ದನಿಯಲ್ಲ. ಡಿಎಸ್‌ಡಿಯ ಕಥೆ ಬೇರೆ. ಅಲ್ಲಿರುವುದು ಒಂದೇ ಬಿಟ್, ಆದರೆ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ: ಸೀಡಿಯ ಸ್ಯಾಂಪಲ್ ದರವಾದ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತಾರೆ ಎಂಬ ಲೆಕ್ಕ) 44.1 ಕಿಲೋಹರ್ಟ್ಸ್‌ನ 64 ಪಟ್ಟು. ಒಂದೇ ಬಿಟ್ ಆದ್ದರಿಂದ ಹುಟ್ಟುವ ಭಾರೀ ಗದ್ದಲವನ್ನೆಲ್ಲ ನಮ್ಮ ಕಿವಿಗೆ ಎಟುಕದ ಎತ್ತರಕ್ಕೆ ತಳ್ಳಿಟ್ಟಿರುತ್ತಾರೆ. ಕಸವನ್ನು ಅಟ್ಟಕ್ಕೆ ಏರಿಸಿದ ಹಾಗೆ. ಮನೆ ಚೊಕ್ಕಟ, ಕಸ ಮಾತ್ರ ಅಲ್ಲೇ ಇದೆ.

ಎಫ್‌ಎಫ್‌ಎಂಪೆಗ್‌ಗೆ ಏನೂ ಹೇಳದೆ ಬಿಟ್ಟರೆ ಅದು 352.8 ಕಿಲೋಹರ್ಟ್ಸ್‌ನ ಫ್ಲಾಕ್ ಕೊಡುತ್ತದೆ, ಅಟ್ಟದ ಕಸದ ಸಮೇತ. ಅಂಥ ಒಂದು ಫೈಲನ್ನು ಸ್ಪೆಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ತೆರೆದು ನೋಡಿದೆ. ತಳದಲ್ಲಿ ವೀಣೆಯ ಗೆರೆಗಳು, ಅದರ ಮೇಲೆ ಕಪ್ಪು ಜಾಗ, 25 ಕಿಲೋಹರ್ಟ್ಸ್ ದಾಟುತ್ತಿದ್ದಂತೆ ಮೇಲಕ್ಕೆ ದಟ್ಟವಾಗುತ್ತ ಹೋಗುವ ಮೋಡ. ಗದ್ದಲ ಕಂಪ್ರೆಸ್ ಆಗುವುದಿಲ್ಲವಾದ್ದರಿಂದ ಫೈಲೂ ಊದಿಕೊಂಡಿರುತ್ತದೆ. ಕೆಲವು ಆಂಪ್ಲಿಫೈಯರುಗಳು ಅಷ್ಟು ಎತ್ತರದ ಗದ್ದಲಕ್ಕೆ ತಡಬಡಾಯಿಸಿ, ಕೇಳಿಸುವ ಭಾಗವನ್ನೂ ಕೆಡಿಸುವುದುಂಟು. ಆದ್ದರಿಂದ ನಾನು 30 ಕಿಲೋಹರ್ಟ್ಸ್ ಸುಮಾರಿಗೆ ಲೋಪಾಸ್ ಫಿಲ್ಟರ್ (ಅದಕ್ಕಿಂತ ಎತ್ತರದ್ದನ್ನು ತಡೆಯುವ ಸೋಸುಕ) ಹಾಕಿ, 24 ಬಿಟ್ 88.2 ಕಿಲೋಹರ್ಟ್ಸ್‌ಗೆ ಇಳಿಸುತ್ತೇನೆ. 96 ಏಕಲ್ಲ ಎಂದರೆ, 88.2 ಡಿಎಸ್‌ಡಿಯ ದರದ ನೇರ ಭಾಗಾಕಾರ, ಅಷ್ಟೇ. ಇವತ್ತಿನ ಒಳ್ಳೆಯ ರೀಸ್ಯಾಂಪ್ಲರುಗಳಲ್ಲಿ (ಸ್ಯಾಂಪಲ್ ದರ ಬದಲಿಸುವ ತಂತ್ರಾಂಶ) ಈ ವ್ಯತ್ಯಾಸ ಕಿವಿಗೆ ಸಿಗುತ್ತದೆಂದು ನಾನಂತೂ ನಂಬುವುದಿಲ್ಲ.

ಬದಲಾಯಿಸಿದ ಫೈಲಿನ ದನಿ ಸಣ್ಣದು ಅನ್ನಿಸಿದರೆ ಗಾಬರಿ ಬೇಡ. ಡಿಎಸ್‌ಡಿಯಲ್ಲಿ ಸೊನ್ನೆ ಡೆಸಿಬೆಲ್ ಎಂದು ಹಿಡಿಯುವ ಮಟ್ಟ ಪಿಸಿಎಂನ (ವೇವ್, ಫ್ಲಾಕ್‌ಗಳೊಳಗಿನ ದನಿ ರೂಪ) ಗರಿಷ್ಠಕ್ಕಿಂತ 6 ಡೆಸಿಬೆಲ್ ಕೆಳಗಿರುತ್ತದೆ. ಹಾಗೆಂದು ಕಣ್ಣುಮುಚ್ಚಿ ಆರನ್ನೂ ಕೂಡಿಸಬಾರದು; ತನಿ ಆವರ್ತನದಲ್ಲಿ ಮೃದಂಗದ ಒಂದು ಗಟ್ಟಿ ಪೆಟ್ಟು ಸಾಕು, ದನಿಯಲೆಯ ತಲೆ ಕತ್ತರಿಸಿ ಹೋಗುತ್ತದೆ. ಮೊದಲು ಇಡೀ ಕಚೇರಿಯ ಅತಿ ಎತ್ತರದ ಪೆಟ್ಟು ಎಷ್ಟಿದೆ ಎಂದು ಅಳೆಸುತ್ತೇನೆ. ಆಮೇಲೆ ಎಲ್ಲ ಫೈಲುಗಳಿಗೂ ಒಂದೇ ಪ್ರಮಾಣ ಏರಿಸುತ್ತೇನೆ. ಒಂದೊಂದು ಫೈಲಿಗೆ ಒಂದೊಂದು ಪ್ರಮಾಣವಾದರೆ ಆಲಾಪನೆಯೂ ತನಿಯೂ ಒಂದೇ ಎತ್ತರಕ್ಕೆ ಬಂದು ಕಚೇರಿಯ ಏರಿಳಿತವೇ ಸತ್ತುಹೋಗುತ್ತದೆ.

ಕಾರಿಗೆ 16 ಬಿಟ್ 44.1 ಸಾಕು. ಆದರೆ 24ರಿಂದ 16ಕ್ಕೆ ಇಳಿಸುವಾಗ ಡಿದರ್, ಅಂದರೆ ಬಿಟ್ ಕತ್ತರಿಸಿದ್ದರ ವಿಕಾರವನ್ನು ಮರೆಸುವ ತೀರ ಸಣ್ಣ ಗದ್ದಲ, ಬೇಕೇ ಬೇಕು. ಸಾಕ್ಸ್ ತಾನಾಗಿ ಹಾಕುತ್ತದೆ, ಎಫ್‌ಎಫ್‌ಎಂಪೆಗ್‌ಗೆ ನಾವೇ ಹೇಳಬೇಕು.

ದೊಡ್ಡ ಕಚೇರಿಯನ್ನು ನಡುವೆ ವೇವ್ ಆಗಿ ಉಳಿಸಿಕೊಳ್ಳುವವರಿಗೆ ಒಂದು ಮಾತು: ಮಾಮೂಲಿ ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. 24 ಬಿಟ್ 192 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಅದು ಗಂಟೆಯ ಮೇಲೆ ಎರಡು ನಿಮಿಷ. ರಾಗ ತಾನ ಪಲ್ಲವಿ ನಿಲ್ಲಬೇಕಲ್ಲ ಅಷ್ಟಕ್ಕೆ! ನೇರ ಫ್ಲಾಕ್ ಬರೆಸಿದರೆ ಈ ರಗಳೆ ಇಲ್ಲ.

ಕೃತಿ, ರಾಗ, ತಾಳಗಳ ಹೆಸರನ್ನು ಕನ್ನಡದಲ್ಲೇ ತುಂಬುತ್ತೇನೆ. ಫ್ಲಾಕ್‌ನ ಟ್ಯಾಗುಗಳು ಯೂನಿಕೋಡ್‌ನಲ್ಲೇ ಇರುವುದರಿಂದ ‘ಕಲ್ಯಾಣಿ’ ಕಲ್ಯಾಣಿಯಾಗಿಯೇ ಉಳಿಯುತ್ತದೆ. ಕಾರಿನ ಪರದೆಯಲ್ಲಿ ಮಾತ್ರ ಸಾಲಾಗಿ ಡಬ್ಬಿಗಳು. ಅದು ಫಾಂಟ್ ಇಲ್ಲದ ಪರದೆಯ ಪಾಡು, ಫೈಲಿನ ತಪ್ಪಲ್ಲ.

ಪ್ರತಿ ಫ್ಲಾಕ್‌ನೊಳಗೂ ಮೂಲ ಆಡಿಯೋದ ಎಂಡಿ5 ಎಂಬ ತಾಳೆ ನೋಡುವ ಗುರುತು ಕೂತಿರುತ್ತದೆ. ಫ್ಲಾಕ್‌ನದೇ ಪರೀಕ್ಷೆ ಓಡಿಸಿದರೆ ನಕಲು ಮಾಡುವಾಗ ಕೆಟ್ಟ ಫೈಲು ಅಲ್ಲೇ ಸಿಕ್ಕಿಬೀಳುತ್ತದೆ. ಆದರೂ ಡಿಎಸ್‌ಡಿ ಮೂಲಗಳನ್ನು ಅಳಿಸಿಲ್ಲ, ಬೇರೆ ಹಾರ್ಡ್ ಡಿಸ್ಕಿನಲ್ಲಿವೆ. ಫ್ಲಾಕ್‌ನಿಂದ ವೇವ್ ಮತ್ತೆ ಹಾಗೇ ಸಿಗುತ್ತದೆ, ಡಿಎಸ್‌ಡಿ ಸಿಗುವುದಿಲ್ಲ.