‘ಶೇ 98ರಷ್ಟು ನಿಖರ’ ಅಂದರೆ ನಂಬುವ ಮುನ್ನ ಏನೇನು ನೋಡಬೇಕು?

ಜುಲೈ ಬಂತೆಂದರೆ ಮುಂಬೈಯಲ್ಲಿ ಜ್ವರದ ಕಾಲ. ಡೆಂಗಿ, ಮಲೇರಿಯಾ, ಇಲಿಜ್ವರ ಮೂರೂ ಒಟ್ಟಿಗೆ ಕಾಡುತ್ತವೆ. ಡೊಂಬಿವಲಿ, ಮಾಟುಂಗದ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಈ ಜ್ವರಗಳನ್ನು ಪತ್ತೆಹಚ್ಚುವ ಹೊಸ ಪರೀಕ್ಷಾ ಕಿಟ್‌ಗಳ ಜಾಹೀರಾತು ಬರುವುದೂ ಆಗಲೇ. ‘ಶೇ 98ರಷ್ಟು ನಿಖರ’ ಅಂತ ದೊಡ್ಡ ಅಕ್ಷರ, ಕೆಳಗೊಂದು ಅಧ್ಯಯನದ ಲಿಂಕ್. ಗುಂಪಿನಲ್ಲಿ ಲ್ಯಾಬ್ ಟೆಕ್ನಿಷಿಯನ್ನೋ ನರ್ಸೋ ಇದ್ದರೆ ಪ್ರಶ್ನೆ ಅವರಿಗೇ: ‘ಅಕ್ಕಾ, ಇದನ್ನ ನಂಬಬಹುದಾ?’ ಹಾಗೆ ಕೇಳಿಸಿಕೊಳ್ಳುವವರಿಗಾಗಿ ಈ ಬರಹ.

ಇಂಥ ಅಧ್ಯಯನಗಳನ್ನು ತೂಗಲು 2011ರಿಂದ ಕ್ವಾಡಾಸ್-2 ಎಂಬ ಪಟ್ಟಿ ಬಳಕೆಯಲ್ಲಿದೆ. ಅದು ನಾಲ್ಕು ಕಡೆ ನೋಡಿ ಅನ್ನುತ್ತದೆ. ಒಂದೊಂದು ಕಡೆಯೂ ಫಲಿತಾಂಶ ದಾರಿ ತಪ್ಪಿರುವ ಅಪಾಯ ಕಡಿಮೆಯೋ, ಜಾಸ್ತಿಯೋ, ಹೇಳಲಾಗದೋ ಅಂತ ಬರೆದುಕೊಳ್ಳಬೇಕು. ಅಂಕ ಕೊಟ್ಟು ಕೂಡಿಸಬೇಡಿ.

ಹಂತ 1: ಯಾರನ್ನು ಪರೀಕ್ಷಿಸಿದರು?

ಸಾರಾಂಶ ಬಿಡಿ, ಅಧ್ಯಯನ ಹೇಗೆ ನಡೆಸಿದರು ಅಂತ ಹೇಳುವ ‘ಮೆಥಡ್ಸ್’ ಭಾಗಕ್ಕೆ ನೇರ ಹೋಗಿ. ನನ್ನ ಪ್ರಕಾರ ಅರ್ಧ ತೀರ್ಪು ಇಲ್ಲೇ ಆಗಿಹೋಗುತ್ತದೆ. ಜ್ವರ ಅಂತ ಬಂದವರನ್ನೆಲ್ಲ ಸಾಲಾಗಿ ಸೇರಿಸಿಕೊಂಡಿದ್ದರೆ ಒಳ್ಳೆಯದು. ಆದರೆ ಎಷ್ಟೋ ಅಧ್ಯಯನಗಳಲ್ಲಿ ಒಂದು ಕಡೆ ವಾರ್ಡಿನಲ್ಲಿ ಮಲಗಿರುವ ಖಚಿತ ಡೆಂಗಿ ರೋಗಿಗಳು, ಇನ್ನೊಂದು ಕಡೆ ರಕ್ತದಾನಕ್ಕೆ ಬಂದ ಗಟ್ಟಿಮುಟ್ಟಾದ ಹುಡುಗರು. ಇವರಿಬ್ಬರನ್ನು ಬೇರ್ಪಡಿಸುವುದು ಅಕ್ಕಿಯಿಂದ ತೆಂಗಿನಕಾಯಿ ಆರಿಸಿದ ಹಾಗೆ. ಕಷ್ಟ ಇರುವುದು ಡೆಂಗಿ ಜ್ವರವನ್ನು ಇಲಿಜ್ವರದಿಂದ ಬೇರ್ಪಡಿಸುವುದರಲ್ಲಿ ಅಲ್ವಾ? 1999ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪರೀಕ್ಷೆಯ ಸಾಮರ್ಥ್ಯವನ್ನು ಎಲ್ಲಕ್ಕಿಂತ ಜಾಸ್ತಿ ಉಬ್ಬಿಸಿದ್ದು ಈ ಬಗೆಯ ಆಯ್ಕೆಯೇ.

ಹಂತ 2: ಓದಿದವರಿಗೆ ಉತ್ತರ ಗೊತ್ತಿತ್ತೇ?

ಕಿಟ್‌ನ ಮಸುಕು ಗೆರೆ ನೋಡುವವರಿಗೆ ‘ಇವರಿಗೆ ಡೆಂಗಿ ಇದೆ’ ಅಂತ ಮೊದಲೇ ಗೊತ್ತಿದ್ದರೆ ಗೆರೆ ಕಂಡೇ ಕಾಣುತ್ತದೆ. ಸಂಖ್ಯೆ ಕೊಡುವ ಪರೀಕ್ಷೆಯಾದರೆ ಪಾಸಿಟಿವ್ ಗಡಿಯನ್ನು ಮುಂಚೆಯೇ ಗೊತ್ತು ಮಾಡಿದ್ದರೋ, ಫಲಿತಾಂಶ ನೋಡಿ ಆಮೇಲೆ ಇಟ್ಟರೋ ಅದನ್ನೂ ಹುಡುಕಿ.

ಹಂತ 3: ಯಾವುದರ ಜೊತೆ ಹೋಲಿಸಿದರು?

ರೋಗ ನಿಜಕ್ಕೂ ಇದೆಯೋ ಇಲ್ಲವೋ ಅಂತ ತೀರ್ಮಾನಿಸಲು ಬಳಸಿದ ಹೋಲಿಕೆಯ ಪರೀಕ್ಷೆಯೇ ದುರ್ಬಲವಾಗಿದ್ದರೆ ಲೆಕ್ಕವೆಲ್ಲ ದಂಡ. ಹೊಸ ಕಿಟ್ಟನ್ನು ಇನ್ನೊಂದು ಕಂಪನಿಯ ಅಂಥದ್ದೇ ಕಿಟ್ ಜೊತೆ ಹೋಲಿಸಿದ್ದರೆ ಎರಡೂ ಒಟ್ಟಿಗೆ ತಪ್ಪಿರಬಹುದು.

ಹಂತ 4: ಯಾವಾಗ, ಎಷ್ಟು ಜನಕ್ಕೆ?

ಡೆಂಗಿ ಕಿಟ್‌ಗಳು ರಕ್ತದಲ್ಲಿ ಹುಡುಕುವ ಎನ್‌ಎಸ್1 ಎಂಬ ವೈರಸ್ ಪ್ರೊಟೀನ್ ಜ್ವರದ ಮೊದಲ ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಆಮೇಲೆ ಇಳಿಯುತ್ತದೆ. ಎರಡು ಪರೀಕ್ಷೆಗಳ ನಡುವೆ ವಾರ ಕಳೆದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಇನ್ನು ತಲೆ ಎಣಿಸಿ. 300 ಜನ ಸೇರಿದ್ದು, ಕೋಷ್ಟಕದಲ್ಲಿ 240 ಮಾತ್ರ ಇದ್ದರೆ ಉಳಿದ 60 ಎಲ್ಲಿ? ‘ಅಸ್ಪಷ್ಟ’ ಫಲಿತಾಂಶಗಳನ್ನು ಸುಮ್ನೆ ಬಿಟ್ಟರೆ ಶೇಕಡಾವಾರು ತಾನಾಗಿ ಏರುತ್ತದೆ.

ಇಷ್ಟೆಲ್ಲ ತಲೆಹರಟೆ ಯಾಕೆ ಅನ್ನಿಸಿದರೆ ಟಿಬಿಯ ಕಥೆ ನೋಡಿ. ಟಿಬಿಗೆ ರಕ್ತದ ಆ್ಯಂಟಿಬಾಡಿ ಪರೀಕ್ಷೆ ನಮ್ಮ ದೇಶದ ಖಾಸಗಿ ಲ್ಯಾಬ್‌ಗಳಲ್ಲಿ ಭರ್ಜರಿಯಾಗಿ ನಡೆಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 94 ಅಧ್ಯಯನಗಳನ್ನು ತೂಗಿ, ಪುರಾವೆಯ ಗುಣಮಟ್ಟ ತೀರಾ ಕಳಪೆ ಎಂದು ಕಂಡು, 2011ರಲ್ಲಿ ಅದನ್ನು ಬಳಸಬೇಡಿ ಎಂದಿತು. 2012ರಲ್ಲಿ ಭಾರತ ನಿಷೇಧಿಸಿತು. ಕಾಗದದ ಮೇಲೆ ಅಧ್ಯಯನಗಳಿಗೇನೂ ಕೊರತೆ ಇರಲಿಲ್ಲ.

ಹಂತ 5: ಒಂದೇ ಸಂಖ್ಯೆಗೆ ಮರುಳಾಗಬೇಡಿ

ಕ್ವಾಡಾಸ್‌ನ ನಾಲ್ಕು ಕಡೆ ಮುಗಿದವು, ಇದು ಅದರಾಚೆಯದು. ‘ನಿಖರತೆ’ಯೊಳಗೆ ಎರಡು ಸಂಗತಿ ಅಡಗಿವೆ. ರೋಗ ಇದ್ದವರನ್ನು ಹಿಡಿಯುವುದು ಸೆನ್ಸಿಟಿವಿಟಿ, ಇಲ್ಲದವರನ್ನು ಬಿಡುವುದು ಸ್ಪೆಸಿಫಿಸಿಟಿ. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಪ್ಪಿದ ಕೋವಿಡ್ ಆ್ಯಂಟಿಜೆನ್ ಕಿಟ್‌ನ ಸ್ಪೆಸಿಫಿಸಿಟಿ ಶೇ 99.3ರಿಂದ 100. ಸೆನ್ಸಿಟಿವಿಟಿ ಮಾತ್ರ ಶೇ 50.6ರಿಂದ 84. ಹಾಗಾಗಿಯೇ ಲಕ್ಷಣ ಇದ್ದೂ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಿಸಿ ಎಂದು ಹೇಳಿದ್ದು. ಜಾಹೀರಾತಿನ 98 ಈ ಎರಡರಲ್ಲಿ ಯಾವುದು ಅಂತ ಗುಂಪಿನಲ್ಲಿ ಕೇಳಿ ನೋಡಿ. ಜೊತೆಗೆ ಅಧ್ಯಯನಕ್ಕೆ ದುಡ್ಡು ಕೊಟ್ಟವರು ಯಾರು ಅಂತಲೂ ಕೇಳಿ. ಕ್ವಾಡಾಸ್ ಅದನ್ನು ಕೇಳುವುದಿಲ್ಲ, ನಾನಂತೂ ಕೇಳುತ್ತೇನೆ.