ಆಂಗ್ಲೋ-ಸೆಲ್ಟ್ ಕಪ್ಪಿನ ವರ್ಷವಾರು ಪಟ್ಟಿ ತಪ್ಪಿಲ್ಲದೆ ಕಟ್ಟುವ ಬಗೆ

ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತ್ಯದ ಗೇಲಿಕ್ ಫುಟ್‌ಬಾಲ್ (ಐರ್ಲೆಂಡಿನದೇ ಆಟ) ಚಾಂಪಿಯನ್ನರಿಗೆ ಕೊಡುವುದು ಆಂಗ್ಲೋ-ಸೆಲ್ಟ್ ಕಪ್. ಇದರ ಇತಿಹಾಸ ಬರೆಯಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಹಳೆಯ ಅಂಕಿಯನ್ನು ಇವತ್ತಿನ ನಿಯಮದಲ್ಲಿ ಓದಿಬಿಡುತ್ತಾರೆ.

ಮೊದಲು ಕಪ್ಪನ್ನೂ ಟೂರ್ನಿಯನ್ನೂ ಬೇರೆ ಮಾಡಿ. ಟೂರ್ನಿ ಶುರುವಾದದ್ದು 1888ರಲ್ಲಿ, ಆಗ ಗೆದ್ದದ್ದು ಮೊನಹನ್. ಕಪ್ ಬಂದದ್ದು 1925ರಲ್ಲಿ. ಕ್ಯಾವನ್‌ನಿಂದ ಹೊರಡುವ ‘ಆಂಗ್ಲೋ-ಸೆಲ್ಟ್’ ಪತ್ರಿಕೆಯ ಜಾನ್ ಎಫ್. ಓ’ಹ್ಯಾನ್ಲನ್ ಕೊಟ್ಟದ್ದು ಅದು. ಹಾಗಾಗಿ ‘ಪ್ರಶಸ್ತಿ ಎಷ್ಟು’, ‘ಕಪ್ ಎತ್ತಿದ್ದು ಎಷ್ಟು ಸಲ’ ಎಂಬ ಎರಡು ಲೆಕ್ಕ ಬೇಕು. ಅಲ್‌ಸ್ಟರ್‌ನಲ್ಲೇ ನಡೆಯುವ ಡಾಕ್ಟರ್ ಮೆಕೆನ್ನಾ ಕಪ್ ಬೇರೆಯದೇ ಟೂರ್ನಿ. ಈಚಿನ ದಶಕಗಳಲ್ಲಿ ಅದನ್ನು ಋತು ಶುರುವಾಗುವ ಮುನ್ನ, ಜನವರಿಯಲ್ಲಿ ಆಡಿದ್ದಾರೆ. ಆಡುವುದು ಅವೇ ಕೌಂಟಿ (ಜಿಲ್ಲೆ) ತಂಡಗಳಾದ್ದರಿಂದ ಎರಡರ ಫಲಿತಾಂಶ ಸುಲಭವಾಗಿ ಬೆರೆತುಹೋಗುತ್ತವೆ.

ಅಲ್‌ಸ್ಟರ್ ಎಂದರೆ ಉತ್ತರ ಐರ್ಲೆಂಡ್ ಎಂದುಕೊಳ್ಳಬೇಡಿ. ಒಂಬತ್ತು ಕೌಂಟಿಗಳಲ್ಲಿ ಕ್ಯಾವನ್, ಮೊನಹನ್, ಡೊನೆಗಾಲ್ ಗಡಿಯ ಆಚೆ, ಐರಿಶ್ ಗಣರಾಜ್ಯದಲ್ಲಿವೆ. ಬೆಲ್‌ಫಾಸ್ಟ್ ಪತ್ರಿಕೆಗಳನ್ನಷ್ಟೇ ತಿರುವಿದರೆ ಅತಿ ಹೆಚ್ಚು ಸಲ ಗೆದ್ದ ಕ್ಯಾವನ್‌ನ ಕಥೆಯೇ ಅರ್ಧ ಕೈತಪ್ಪುತ್ತದೆ.

ಪಟ್ಟಿಯಲ್ಲಿ ಈ ಕಾಲಂಗಳಿರಲಿ: ಯಾವ ವರ್ಷದ ಚಾಂಪಿಯನ್‌ಷಿಪ್, ಪಂದ್ಯ ನಡೆದ ದಿನಾಂಕ, ಮೈದಾನ, ಕೌಂಟಿ, ಆಡಿದ ಕ್ಲಬ್, ಅಚ್ಚಾದಂತೆಯೇ ಸ್ಕೋರ್, ಒಟ್ಟು ಅಂಕ, ಮಾಹಿತಿಯ ಮೂಲ. ವರ್ಷವನ್ನೂ ದಿನಾಂಕವನ್ನೂ ಒಂದೇ ಕಾಲಂಗೆ ತುರುಕಬೇಡಿ. ಅಖಿಲ ಐರ್ಲೆಂಡ್ ಮಟ್ಟದ ಮೊದಲ ಟೂರ್ನಿ 1887ರದು, ಆದರೆ ಫೈನಲ್ ಆಡಿದ್ದು 1888ರ ಏಪ್ರಿಲ್‌ನಲ್ಲಿ. ಕ್ಲಬ್ ಕಾಲಂ ಏಕೆ ಬೇಕೆಂದರೆ, ಆರಂಭದಲ್ಲಿ ಕೌಂಟಿಯ ಹೆಸರಲ್ಲಿ ಕಣಕ್ಕಿಳಿಯುತ್ತಿದ್ದದ್ದು ಅಲ್ಲಿನ ಚಾಂಪಿಯನ್ ಕ್ಲಬ್. 1888ರ ಮೊನಹನ್ ಅಂದರೆ ಇನಿಸ್ಕೀನ್ ಗ್ರಾಟನ್ಸ್. 1890ರ ದಶಕದಲ್ಲಿ ಟೂರ್ನಿಯೇ ನಡೆಯದ ವರ್ಷಗಳಿವೆ. ಆ ಸಾಲುಗಳನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಪ್ರಾಂತ್ಯದ ಆಡಳಿತಕ್ಕೆಂದು ಅಲ್‌ಸ್ಟರ್ ಕೌನ್ಸಿಲ್ ಹುಟ್ಟಿದ್ದೇ 1903ರಲ್ಲಿ.

ಇನ್ನು ಸ್ಕೋರ್. ನಿಜವಾದ ಕಷ್ಟ ಇಲ್ಲೇ. ‘1-3’ ಎಂದರೆ ಒಂದು ಗೋಲು, ಮೂರು ಪಾಯಿಂಟ್. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಕಂಬಗಳ ನಡುವೆ ಅದರ ಮೇಲೆ ಹೋದರೆ ಪಾಯಿಂಟ್. ಎದುರಾಳಿ ‘0-7’ ಮಾಡಿದ್ದರೆ ಗೆದ್ದವರು ಯಾರು? ವರ್ಷ ನೋಡದೆ ಹೇಳಲಾಗದು. 1892ಕ್ಕೆ ಮುಂಚೆ ಒಂದು ಗೋಲಿನ ಮುಂದೆ ಎಷ್ಟು ಪಾಯಿಂಟ್ ಇದ್ದರೂ ಲೆಕ್ಕಕ್ಕಿಲ್ಲ, ಆದ್ದರಿಂದ 1-3ರ ತಂಡಕ್ಕೇ ಗೆಲುವು. 1892ರಲ್ಲಿ ಗೋಲಿಗೆ ಐದು ಪಾಯಿಂಟ್ ಎಂದಾಯಿತು. ಆಗಲೂ ಎಂಟಕ್ಕೆ ಏಳು, ಅದೇ ತಂಡ. 1896ರಿಂದ ಗೋಲಿಗೆ ಮೂರೇ ಪಾಯಿಂಟ್. ಈಗ ಆರಕ್ಕೆ ಏಳು, ಸೋಲು! ಒಟ್ಟು ಅಂಕದ ಕಾಲಂಗೆ ಒಂದೇ ಸೂತ್ರ ಹಾಕಿದರೆ ಮೊದಲ ಸಾಲುಗಳೆಲ್ಲ ಕೆಡುವುದು ಹೀಗೆ. 2025ರಲ್ಲಿ ಗೋಲಿನ ಮುಂದೆ ಎಳೆದ 40 ಮೀಟರ್ ಕಮಾನು ಗೆರೆಯ ಹೊರಗಿಂದ ಹೊಡೆದದ್ದಕ್ಕೆ ಎರಡು ಪಾಯಿಂಟ್ ಬಂತು. ಹಾಗಾಗಿ ಪಾಯಿಂಟ್ ಸಂಖ್ಯೆ ನೋಡಿ ಎಷ್ಟು ಒದೆತ ಗುರಿ ಮುಟ್ಟಿತು ಎಂದು ಇನ್ನು ಹೇಳುವಂತಿಲ್ಲ. ಹಳೆಯ ಮತ್ತು ಹೊಸ ಸ್ಕೋರುಗಳ ಹೋಲಿಕೆಗೆ ಹೊರಟರೆ ಆಟಗಾರರ ಸಂಖ್ಯೆಯನ್ನೂ ಬರೆದಿಡಿ: ಮೊದಲು 21, 1892ರಿಂದ 17, 1913ರಿಂದ 15.

ಸ್ಕೋರ್ ಸಮವಾದರೆ ಹಿಂದೆ ಇನ್ನೊಂದು ದಿನ ಮತ್ತೆ ಆಡುತ್ತಿದ್ದರು. ಎರಡೂ ಪಂದ್ಯಕ್ಕೆ ಬೇರೆ ಬೇರೆ ಸಾಲು ಕೊಡಿ. ಈಚೆಗೆ ಪೆನಾಲ್ಟಿಯಲ್ಲಿ ತೀರ್ಮಾನವಾದದ್ದುಂಟು. 2023ರ ಫೈನಲ್: ಡೆರಿ 1-15, ಅರ್ಮಾ 0-18. ಕೂಡಿದರೆ ಎರಡೂ 18. ಕಪ್ ಡೆರಿಗೆ ಸಿಕ್ಕಿದ್ದು ಪೆನಾಲ್ಟಿಯಿಂದ. ಆ ಟಿಪ್ಪಣಿ ಇಲ್ಲದಿದ್ದರೆ ಓದುವವರಿಗೆ ನಿಮ್ಮ ಸಾಲೇ ತಪ್ಪು ಎನಿಸುತ್ತದೆ.

ಮೈದಾನದ ಕಾಲಂ ಬಹುಪಾಲು ಸಲೀಸು. ಫೈನಲ್ ಎಂದರೆ ಕ್ಲೋನ್ಸ್ ಊರು ಎನ್ನುವಷ್ಟು ರೂಢಿ. 2004ರಿಂದ 2006ರವರೆಗೆ ಡಬ್ಲಿನ್‌ನ ಕ್ರೋಕ್ ಪಾರ್ಕ್ ಕಂಡರೆ ತಿದ್ದಬೇಡಿ, ಆ ಮೂರೂ ಫೈನಲ್ ಪ್ರಾಂತ್ಯದ ಹೊರಗೆ ಅಲ್ಲೇ ನಡೆದವು.

ಪಟ್ಟಿ ಮುಗಿದ ಮೇಲೆ ತಾಳೆ ನೋಡಲು ಮೂರು ಗುರುತುಗಳಿವೆ. 2020ರ ಗೆಲುವಿಗೆ ಕ್ಯಾವನ್‌ನ ಪ್ರಶಸ್ತಿಗಳ ಲೆಕ್ಕ 40 ಆಗಬೇಕು. 1931ರಿಂದ 1949ರವರೆಗಿನ 19 ವರ್ಷಗಳಲ್ಲಿ 17 ಕ್ಯಾವನ್‌ಗೆ, 1938 ಮೊನಹನ್‌ಗೆ, 1946 ಆಂಟ್ರಿಮ್‌ಗೆ ಸೇರಿರಬೇಕು. ಫರ್ಮಾನಾ ಹೆಸರು ಗೆದ್ದವರ ಕಾಲಂನಲ್ಲಿ ಎಲ್ಲಿಯೂ ಇರಬಾರದು. ಇದ್ದರೆ, ಆ ಸಾಲು ಬಹುಶಃ ಮೆಕೆನ್ನಾ ಕಪ್‌ನಿಂದ ನುಸುಳಿದ್ದು.