ಮನೆಯಂಗಳದಲ್ಲೇ ಆಟೊಮ್ಯಾಟಿಕ್ ಗೇರ್ ಆಯಿಲ್ ಬದಲಿಸಿದ್ದು: ನನ್ನ ಅನುಭವ

ನಮ್ಮ ಇನ್ನೋವಾ ಕ್ರಿಸ್ಟಾದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಅಂಗಳದಲ್ಲೇ ಬದಲಿಸಿ ಎಂಟೊಂಬತ್ತು ಸಾವಿರ ಕಿಲೋಮೀಟರ್ ಆಯಿತು. ಒಂದು ಮಳೆಗಾಲ ಪೂರ್ತಿ ಗಾಡಿ ದೇವಿಮನೆ ಘಟ್ಟ ಹತ್ತಿಳಿದಿದೆ. ಗೇರ್ ಜಾರಿಲ್ಲ, ಆಯಿಲ್ ಸೋರಿಲ್ಲ, ಮೀಟರಿನಲ್ಲಿ ಯಾವ ದೀಪವೂ ಹತ್ತಿಲ್ಲ. ಆರು ತಿಂಗಳೊಳಗೆ ಗೇರ್‌ಬಾಕ್ಸ್ ಇಳಿಸುವ ಕೆಲಸ ಬರುತ್ತದೆ, ಬರೆದಿಟ್ಟುಕೋ ಎಂದವರು ಸುಮಾರು ಜನ ಇದ್ದರು. ಅವರೀಗ ಆ ವಿಷಯವನ್ನೇ ಎತ್ತುವುದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಗಾಡಿ 2017ರದ್ದು, 2.8 ಡೀಸೆಲ್, ಆರು ಗೇರಿನದು. ಕೆಲಸ ಹಿಡಿದಾಗ ಓಡಿದ್ದು ಲಕ್ಷದ ಹತ್ತು ಹದಿನೈದು ಸಾವಿರ. ಅದರಲ್ಲಿ ಬಹುಪಾಲು ಶಿರಸಿ–ಕುಮಟಾ–ಕಾರವಾರದ ಓಡಾಟ. ಘಟ್ಟ ಹತ್ತುವಾಗ ಏಳು ಜನ, ಹಿಂದೆ ಸಾಮಾನು.

ತೊಂದರೆ ಏನೆಂದರೆ, ಐವತ್ತು ಅರವತ್ತರ ವೇಗದಲ್ಲಿ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ, ಟಾರ್ಕ್ ಕನ್ವರ್ಟರಿನ (ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕಪ್, ಅಂದರೆ ಎರಡನ್ನೂ ನೇರ ಬೆಸೆಯುವ ಒಳಗಿನ ಕ್ಲಚ್, ಹಿಡಿಯುವ ಹೊತ್ತಿಗೆ, ಹೈವೇಯಲ್ಲಿ ಬಿಳಿ ಉಬ್ಬುಪಟ್ಟಿಗಳ ಮೇಲೆ ಹಾದಂತೆ ಒಂದೆರಡು ಸೆಕೆಂಡು ಗಾಡಿ ನಡುಗುತ್ತಿತ್ತು. ಜೋರಾಗಿ ಒತ್ತಿದರೆ ಇಲ್ಲ, ಪೂರ್ತಿ ಬಿಟ್ಟರೆ ಇಲ್ಲ. ಒಬ್ಬರು ಇಂಜಿನ್ ಮೌಂಟ್ ಅಂದರು, ಇನ್ನೊಬ್ಬರು ಇಂಜೆಕ್ಟರ್ ಅಂದರು. ನಾನು ಮಾಡಿದ ಪರೀಕ್ಷೆ ಒಂದೇ. ನಡುಗುವಾಗ ಆಕ್ಸಿಲರೇಟರ್ ಬಿಡದೆ, ಎಡಗಾಲಲ್ಲಿ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟುವುದು. ಬ್ರೇಕ್ ಸ್ವಿಚ್ಚಿನ ಸುದ್ದಿ ಹೋದ ಕೂಡಲೇ ಲಾಕಪ್ ಬಿಡುತ್ತದೆ. ನಡುಕ ತಕ್ಷಣ ನಿಂತಿತು. ಮೌಂಟೂ ಅಲ್ಲ, ಇಂಜೆಕ್ಟರೂ ಅಲ್ಲ. ಆಯಿಲಿನಲ್ಲಿದ್ದ ಘರ್ಷಣೆ ನಿಭಾಯಿಸುವ ಅಂಶ ಸವೆದಿದೆ ಅಂತ ನನಗೆ ಅಲ್ಲೇ ಗ್ಯಾರಂಟಿಯಾಯಿತು.

ಹುಬ್ಬಳ್ಳಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಮಶೀನ್ ಹಾಕಿ ಫ್ಲಶ್ ಮಾಡಲು ಇಪ್ಪತ್ತೆರಡು ಸಾವಿರ ಕೇಳಿದರು. ಇನ್ನೊಂದು ಕಡೆ ಗಾಡಿ ಓಡಿಸಿಯೂ ನೋಡದೆ ಕನ್ವರ್ಟರ್ ಬದಲಿಸಬೇಕು, ಲಕ್ಷದ ಮೇಲೆ ಇಪ್ಪತ್ತೈದು ಎಂದರು. ಮತ್ತೊಬ್ಬರು ಇದು ಲೈಫ್‌ಟೈಮ್ ಆಯಿಲ್, ಮುಟ್ಟುವುದೇ ಬೇಡ ಎಂದರು. ಯಾರ ಲೈಫ್‌ಟೈಮ್ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಮನೆಯಲ್ಲೇ ಮಾಡುತ್ತೇನೆ ಎಂದಾಗ ಭಾವ ಶುರುಮಾಡಿದ: "ಕಂಪ್ನಿಯವ್ರೇ ಮುಟ್ಟದ ಜಾಗಕ್ಕೆ ನೀ ಎಂತಕ್ಕೆ ಕೈ ಹಾಕ್ತೆ ಮಾರಾಯಾ?" ಕುಮಟೆಯ ಪರಿಚಯದ ಮೆಕ್ಯಾನಿಕ್ ಇನ್ನೂ ಹೆದರಿಸಿದ: "ಹಳೇ ಆಯಿಲ್ ತೆಗೆದ್ರೆ ಗೇರ್ ಹಿಡಿಯೂದಿಲ್ಲ ಹೆಗಡೇರೇ. ಆ ಕೊಳೆಯೇ ಈಗ ಹಿಡ್ಕೊಂಡಿರೂದು." ಆ ಮಾತು ಪೂರ್ತಿ ಸುಳ್ಳಲ್ಲ. ಕ್ಲಚ್ ಪ್ಲೇಟ್ ಆಗಲೇ ಸುಟ್ಟ ಗಾಡಿಗೆ ಹೊಸ ಆಯಿಲ್ ಹಾಕಿದರೆ ಜಾರುವುದುಂಟು, ಬೈಗುಳ ಮಾತ್ರ ಆಯಿಲಿಗೆ. ನನ್ನದರಲ್ಲಿ ಸುಟ್ಟ ವಾಸನೆ ಇರಲಿಲ್ಲ. ಬಣ್ಣ ಕಂದಿತ್ತು, ಅಷ್ಟೇ.

ಒತ್ತಡ ಹಾಕಿ ತೊಳೆಯುವ ಪದ್ಧತಿಯೇ ಬೇಡ ಅಂತ ಮೊದಲೇ ನಿಶ್ಚಯ ಮಾಡಿದ್ದೆ. ಇಳಿದಷ್ಟು ಇಳಿಸಿ, ಅಷ್ಟೇ ತುಂಬಿ, ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಇಳಿಸುವುದು. ಗೇರ್‌ಬಾಕ್ಸ್, ಕನ್ವರ್ಟರ್, ಕೂಲರ್ ಎಲ್ಲ ಸೇರಿ ಹತ್ತು ಲೀಟರ್ ಎಂದು ಹಿಡಿದೆ. ಒಂದು ಸಲಕ್ಕೆ ಇಳಿಯುವುದು ಮೂರು ಲೀಟರಿನ ಆಸುಪಾಸು. ಅಂದರೆ ಮೊದಲ ಸುತ್ತಿಗೆ ಹಳೆಯದು ನೂರಕ್ಕೆ 70 ಉಳಿಯಿತು, ಎರಡಕ್ಕೆ 49, ಮೂರಕ್ಕೆ 34, ನಾಲ್ಕಕ್ಕೆ 24. ಅದರಾಚೆ ಇಳಿಯುವುದರಲ್ಲಿ ಹೆಚ್ಚಿನದು ಹೊಸ ಆಯಿಲೇ, ದುಡ್ಡು ದಂಡ. ನಾಲ್ಕಕ್ಕೆ ನಿಲ್ಲಿಸುವುದು ಲೆಕ್ಕಕ್ಕೆ ಸರಿ.

ಆಯಿಲ್ ಟೊಯೋಟಾ ಡಬ್ಲ್ಯೂಎಸ್. ಇದು ತೆಳು ಜಾತಿ. ಹಳೆಯ ಕಾಲದ ಆಟೊಮ್ಯಾಟಿಕ್ ಆಯಿಲ್ ಡೆಕ್ಸ್‌ರಾನ್ 3 ಸಿಕ್ಕಿತು, ಕೆಂಪಗೇ ಇದೆ ಅಂತ ಸುರಿಯಬೇಡಿ. ದುಡ್ಡು ಮೊದಲು ಕಳೆದದ್ದು ಇಲ್ಲಿಯೇ. ಅಗ್ಗಕ್ಕೆ ತರಿಸಿದ ನಾಲ್ಕು ಲೀಟರಿನ ಒಂದು ಕ್ಯಾನು ನೋಡಿದ ಕೂಡಲೇ ಅನುಮಾನ ಬಂತು, ಮುಚ್ಚಳದ ಉಂಗುರ ಸಡಿಲ. ಅದರದ್ದೊಂದು ಸಣ್ಣ ಶೀಶೆ, ಖಾತ್ರಿ ಅಂಗಡಿಯದ್ದೊಂದು ಶೀಶೆ, ಎರಡನ್ನೂ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. (ಮನೆಯವಳಿಗೆ ಹೇಳಿಯೇ ಇಟ್ಟದ್ದು, ಒಪ್ಪಿದಳು ಎಂದಲ್ಲ.) ಬೆಳಿಗ್ಗೆ ಎರಡನ್ನೂ ಒಟ್ಟಿಗೇ ಓರೆ ಮಾಡಿದರೆ ಒಳ್ಳೆಯದು ಸಲೀಸಾಗಿ ಹರಿಯಿತು, ಅಗ್ಗದ್ದು ತಳ ಬಿಟ್ಟು ಏಳಲು ಸೋಮಾರಿತನ ಮಾಡಿತು. ಪ್ರಯೋಗಾಲಯದ ವರದಿ ಅಲ್ಲ ಇದು, ಆದರೆ ಗೇರ್‌ಬಾಕ್ಸಿಗೆ ಅದನ್ನು ಹಾಕದಿರಲು ನನಗೆ ಅಷ್ಟು ಸಾಕು. ಮೂರೂವರೆ ಸಾವಿರ ಹೋಯಿತು.

ಇನ್ನು ಜಾಗ. ಅಡಿಕೆ ಒಣಗಿಸುವ ಅಂಗಳ ಕಣ್ಣಿಗೆ ಸಪಾಟು ಕಂಡರೂ ನೀರು ಹರಿಯಲೆಂದು ಒಂದು ಕಡೆ ಇಳಿಜಾರು ಇಟ್ಟೇ ಇಡುತ್ತಾರೆ. ಆಯಿಲ್ ಮಟ್ಟ ನೋಡುವ ಕೆಲಸಕ್ಕೆ ಅದು ನಡೆಯುವುದಿಲ್ಲ. ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪ್ ಹಿಡಿದು ನಾಲ್ಕು ಚಕ್ರದ ಜಾಗ ಅಳೆದೆ. ಹಿಂದೆ ಮುಂದೆ ಸುಮಾರು ಎರಡು ಇಂಚು ವ್ಯತ್ಯಾಸ. ಹಳೇ ಮನೆ ಕಿತ್ತಾಗ ಉಳಿದ ಮತ್ತಿ ಹಲಗೆಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿ, ಗಾಡಿಯನ್ನು ಅದರ ಮೇಲೆ ಹತ್ತಿಸಿ, ಚಕ್ರಕ್ಕೆ ಅಡ್ಡಕಟ್ಟಿಗೆ ಕೊಟ್ಟೆ. ಜಾಕ್ ಬೇಕಾಗಲಿಲ್ಲ, ಮೈ ತೂರುವಷ್ಟು ಎತ್ತರವೂ ಸಿಕ್ಕಿತು. ನಮ್ಮ ಕಡೆ ಕೈಗೆ ಸುಲಭಕ್ಕೆ ಸಿಗುವುದು ಚಿರೇಕಲ್ಲು. ಅದನ್ನು ಗಾಡಿಯಡಿ ಇಟ್ಟು ಮಲಗುವ ಧೈರ್ಯ ಯಾರೂ ಮಾಡಬೇಡಿ. ಭಾರಕ್ಕೆ ಸೀಳುವಾಗ ಅದು ಮುನ್ಸೂಚನೆ ಕೊಡುವುದಿಲ್ಲ.

ಇಳಿಸುವ ಪ್ಲಗ್ಗಿಗೆ ಕೈ ಹಾಕುವ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಇಳಿಸಿದ ಮೇಲೆ ತುಂಬಲು ದಾರಿಯಿಲ್ಲ. ನನ್ನ ಗಾಡಿಯಲ್ಲಿ ಅದು ಕಚ್ಚಿ ಕೂತಿತ್ತು. ಜಾಗ ಇಕ್ಕಟ್ಟು, ಪಕ್ಕದಲ್ಲೇ ಸೈಲೆನ್ಸರ್ ಪೈಪು, ಉದ್ದದ ಹಿಡಿ ಹೋಗುವುದಿಲ್ಲ. ತುಕ್ಕಿನ ಸ್ಪ್ರೇ ಎರಡು ರಾತ್ರಿ ಹಾಕಿಟ್ಟರೂ ಜಗ್ಗಲಿಲ್ಲ. ಪಾನ ಜಾರಿ ಗೆಣ್ಣು ಕಿತ್ತುಹೋಯಿತು. ಕೊನೆಗೆ ಬಿಚ್ಚಿದೆ, ಪ್ಲಗ್ಗಿನ ಅಂಚು ಕೂಡ ಮುಕ್ಕಾಗದಂತೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಶಿರಸಿಗೆ ಬಂದವರಿಗೆ ಚಹಾ ಕೊಟ್ಟು ತೋರಿಸುತ್ತೇನೆ.

ಮೊದಲ ಸುತ್ತಿನಲ್ಲೇ ಪ್ಯಾನ್, ಅಂದರೆ ಗೇರ್‌ಬಾಕ್ಸಿನ ಅಡಿಯ ಆಯಿಲ್ ತಟ್ಟೆ, ಇಳಿಸಿ ನೋಡಿದೆ. ಒಳಗಿನ ಆಯಸ್ಕಾಂತಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಅಂಟು ಕೂತಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದರೆ ಎಲ್ಲಿಯೂ ಚುಚ್ಚಲಿಲ್ಲ, ಮಿಂಚುವ ಚೂರೂ ಇರಲಿಲ್ಲ. ಉಸಿರು ಬಂತು. ಚೂರು ಸಿಕ್ಕಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಲಕ್ಷದ ಕೊಟೇಶನ್ ಹುಡುಕುತ್ತಿದ್ದೆ. ಆಯಿಲ್ ಸೋಸುವ ಜಾಲರಿ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿದೆ. ಪ್ಯಾನಿನ ಸಣ್ಣ ಬೋಲ್ಟುಗಳಿಗೆ ಏಳೆಂಟು ನ್ಯೂಟನ್ ಮೀಟರ್ ಸಾಕು, ಡ್ರೈನ್ ಪ್ಲಗ್ಗಿಗೆ ಇಪ್ಪತ್ತರ ಸುಮಾರು. ಸೋರಬಾರದು ಎಂದು ಮೈಭಾರ ಹಾಕಿ ಬಿಗಿದವರ ಗಾಡಿಯೇ ಸೋರುವುದು.

ತುಂಬುವುದು ಹೇಗೆ? ಕೈಪಂಪು ಮೊದಲೇ ಕೈಕೊಟ್ಟಿತು. ವಾಷರ್ ಹರಿದು ಆಯಿಲ್ ತೋಳಿನಲ್ಲೇ ಇಳಿಯಿತು. ಆಮೇಲೆ ಹೊಳೆದದ್ದು ಗಿಡಕ್ಕೆ ಔಷಧಿ ಹೊಡೆಯುವ ಐದು ಲೀಟರಿನ ಒತ್ತಡದ ಕ್ಯಾನು. ಹೊಸದೇ ತಂದೆ. ಮನೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪುಗಳಿಗೆ ಬರವಿಲ್ಲ, ಆದರೆ ಮೈಲುತುತ್ತ ಸುಣ್ಣ ಕಂಡ ಪಂಪನ್ನು ಗೇರ್‌ಬಾಕ್ಸಿನ ಹತ್ತಿರವೂ ತರಬಾರದು. ಮೂತಿ ಕತ್ತರಿಸಿ ಪಾರದರ್ಶಕ ಪೈಪು ಸಿಕ್ಕಿಸಿದೆ. ಗಾಳಿ ಜಾಸ್ತಿಯಾಗಿ ಒಮ್ಮೆ ಪೈಪು ಕಿತ್ತು ಅರ್ಧ ಲೀಟರ್ ಅಂಗಳದ ಪಾಲಾಯಿತು. ಅಲ್ಲಿಗೆ ಐನೂರು ರೂಪಾಯಿ. ಎರಡು ಕ್ಲಿಪ್ ಹಾಕಿದ ಮೇಲೆ ಮೂರು ಲೀಟರ್ ಹತ್ತು ನಿಮಿಷದೊಳಗೆ ಒಳಗೆ. ಇಳಿದ ಆಯಿಲನ್ನು ಖಾಲಿಯಾದ ಅದೇ ಬಾಟಲಿಗಳಿಗೆ ತುಂಬಿ ಸಾಲಾಗಿ ನಿಲ್ಲಿಸಿದರೆ ಎಷ್ಟು ಹಾಕಬೇಕೆಂದು ಬೇರೆ ಅಳತೆ ಬೇಡ. ಎರಡೂ ಒಂದೇ ತಂಪಿನಲ್ಲಿರಬೇಕು, ಅಷ್ಟೇ.

ಈ ಕೆಲಸದಲ್ಲಿ ಜನ ಸೋಲುವುದು ತುಂಬುವಲ್ಲಿ ಅಲ್ಲ, ಮಟ್ಟ ನೋಡುವಲ್ಲಿ. ಇದು ಆಯಿಲ್ ಮಟ್ಟದ ಅಳತೆಕಡ್ಡಿ ಇಲ್ಲದ ಗೇರ್‌ಬಾಕ್ಸ್. ಇಂಜಿನ್ ಚಾಲೂ ಇರುವಾಗ ಪ್ಯಾನಿನ ಓವರ್‌ಫ್ಲೋ ಪ್ಲಗ್ ತೆಗೆದು, ಹೆಚ್ಚಿನದು ಹೊರಗೆ ಬಂದು ಧಾರೆ ಹನಿಯಾದಾಗ ಮುಚ್ಚಬೇಕು, ಅದೂ ಆಯಿಲ್ 35ರಿಂದ 45 ಡಿಗ್ರಿ ಒಳಗಿರುವಾಗ. ಹತ್ತು ಲೀಟರ್ ಆಯಿಲ್ ಐವತ್ತು ಡಿಗ್ರಿ ಬಿಸಿಯಾದರೆ ಸುಮಾರು ನಾನೂರು ಎಂಎಲ್ ಹಿಗ್ಗುತ್ತದೆ. ಘಟ್ಟ ಹತ್ತಿ ಬಂದು ಬಿಸಿಬಿಸಿ ಗಾಡಿಯ ಪ್ಲಗ್ ಬಿಚ್ಚಿದರೆ ಅಷ್ಟೂ ಹೊರಗೆ ಹೋಗುತ್ತದೆ, ತಣಿದ ಮೇಲೆ ಅಷ್ಟು ಕಡಿಮೆ ಬೀಳುತ್ತದೆ. ಪಂಪು ಗಾಳಿ ಎಳೆಯುತ್ತದೆ, ಗೇರ್ ತಡವಾಗಿ ಹಿಡಿಯುತ್ತದೆ. ಆಗ ಜನ ಹೇಳುವುದು, ನೋಡು, ಹಳೇ ಆಯಿಲ್ ತೆಗೆದಿದ್ದಕ್ಕೇ ಜಾರಿತು ಎಂದು. ಹೊಸ ಆಯಿಲಿಗೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧ ಹೀಗೆ ಬಂದದ್ದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಕರಾವಳಿಯವರಿಗೆ ಈ ಕೆಲಸ ಕಷ್ಟ, ಘಟ್ಟದ ಮೇಲಿನ ನಮಗೆ ಸುಲಭ. ಕಾರವಾರದ ಮಧ್ಯಾಹ್ನ ಗಾಡಿ ನಿಂತಲ್ಲೇ ಮೂವತ್ತೆರಡು ಮೂವತ್ತಮೂರು ಇರುತ್ತದೆ; ಇಂಜಿನ್ ಶುರುಮಾಡಿ ಗೇರ್ ಕಡ್ಡಿಯನ್ನು ಎಲ್ಲ ಮನೆಗೂ ಒಮ್ಮೆ ಆಡಿಸುವಷ್ಟರಲ್ಲಿ ಆಯಿಲ್ 35 ಮುಟ್ಟಿರುತ್ತದೆ, 45 ದಾಟಲು ಹೆಚ್ಚು ಹೊತ್ತಿಲ್ಲ. ಶಿರಸಿಯ ಪುಷ್ಯದ ಚಳಿಯಲ್ಲಿ ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿ. ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಅಷ್ಟಕ್ಕೇ ಬಂದಿರುತ್ತದೆ, 35 ಮುಟ್ಟಲು ಬೇಕಾದಷ್ಟು ಹೊತ್ತು ಹಿಡಿಯುತ್ತದೆ, ಗಡಿಬಿಡಿಯೇ ಇಲ್ಲ.

ಉಷ್ಣತೆ ಓದಲು ಎಂಟುನೂರು ರೂಪಾಯಿಯ ಬ್ಲೂಟೂತ್ ಒಬಿಡಿ (ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಸಾಧನ) ಸಾಕು, ಆದರೆ ಮಾಮೂಲಿ ಆ್ಯಪ್‌ನಲ್ಲಿ ಕಾಣುವುದು ಇಂಜಿನ್ ನೀರಿನ ಬಿಸಿ. ಗೇರ್‌ಬಾಕ್ಸಿನದ್ದು ಬೇಕಾದರೆ ಟೊಯೋಟಾದ ಪ್ರತ್ಯೇಕ ಕೋಡ್ ಸೇರಿಸಿಕೊಳ್ಳಬೇಕು. ತಾಳೆ ನೋಡಲು ಕೊರೋನಾ ಕಾಲದ ಹಣೆಯ ಬಿಸಿ ನೋಡುವ ಗನ್ನನ್ನೂ ತಂದು ಪ್ಯಾನಿಗೆ ಹಿಡಿದೆ. ಬರೀ ಲೋಹಕ್ಕೆ ಹಿಡಿದರೆ ಬಾಯಿಗೆ ಬಂದ ಅಂಕಿ. ಕರೆಂಟಿನವರ ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಹಿಡಿದಾಗ ಒಬಿಡಿಗೂ ಅದಕ್ಕೂ ಎರಡು ಮೂರು ಡಿಗ್ರಿಯಷ್ಟೇ ವ್ಯತ್ಯಾಸ ಬಂತು.

ಮಗಳು ಸೀಟಿನಲ್ಲಿ ಬ್ರೇಕ್ ಒತ್ತಿ ಕೂತು, ಗೇರ್ ಕಡ್ಡಿ ಪಿ–ಆರ್–ಎನ್–ಡಿ ಅಂತ ಒಂದೊಂದರಲ್ಲಿ ಎರಡು ಮೂರು ಸೆಕೆಂಡು ನಿಲ್ಲಿಸಿ, ಪಿಗೆ ತಂದು ಹ್ಯಾಂಡ್ ಬ್ರೇಕ್ ಹಾಕಿ, ಎಸಿ ಬಂದ್ ಮಾಡಿ, ಮೊಬೈಲ್ ನೋಡಿ ಕೂಗುತ್ತಿದ್ದಳು: "ಮೂವತ್ತೇಳು ಅಪ್ಪಾ... ಮೂವತ್ತೆಂಟು... ಮೂವತ್ತೊಂಬತ್ತು." ನಲವತ್ತಕ್ಕೆ ಪ್ಲಗ್ ತೆಗೆದೆ. ಬೆರಳು ದಪ್ಪದ ಕೆಂಪು ಧಾರೆ ಮೊದಲು ನೇರ ಬಂತು, ಆಮೇಲೆ ಒಳಕ್ಕೆ ವಾಲಿ ಪ್ಯಾನಿಗೇ ಅಂಟಿಕೊಂಡು ಹರಿಯಿತು, ಕಡೆಗೆ ಕಡಿದು ಹನಿಯಾಯಿತು. ಹೊಸ ವಾಷರ್ ಹಾಕಿ ಮುಚ್ಚಿದೆ. ಆಗ 42.

ಮೊದಲ ಸುತ್ತಿಗೆ ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಭಾವನಿಗೆ ಅಷ್ಟೇ ಸಾಕಿತ್ತು. ಎರಡನೆಯದಾದ ಮೇಲೆ ಅಪರೂಪಕ್ಕೊಮ್ಮೆ. ಮೂರಾದ ಮೇಲೆ ದೇವಿಮನೆಯ ಏರಿನಲ್ಲಿ ಬೇಕೆಂದೇ ಆ ವೇಗ, ಆ ಒತ್ತು ಹಿಡಿದು ಹುಡುಕಿದರೂ ಸಿಗಲಿಲ್ಲ. ನಾಲ್ಕನೆಯದು ನನ್ನ ಹಟಕ್ಕೆ ಹಾಕಿದ್ದು.

ಖರ್ಚು, ನೆನಪಿದ್ದಷ್ಟು: ಆಯಿಲಿಗೆ ಹನ್ನೊಂದೂವರೆ ಸಾವಿರ, ಜಾಲರಿ ಗ್ಯಾಸ್ಕೆಟ್ ವಾಷರ್ ಎರಡೂವರೆ ಮೇಲೆ, ಸ್ಪ್ರೇ ಕ್ಯಾನು ಐನೂರೈವತ್ತು, ಒಬಿಡಿ ಎಂಟುನೂರು, ದಂಡವಾದ ಕ್ಯಾನು ಮೂರೂವರೆ ಸಾವಿರ. ಹತ್ತೊಂಬತ್ತರ ಹತ್ತಿರ. "ಇಪ್ಪತ್ತೆರಡ್ರಲ್ಲಿ ಮೂರು ಉಳೀತು, ಅದ್ಕೆ ಇಷ್ಟೆಲ್ಲ ಒದ್ದಾಟನಾ?" ಎಂದು ಭಾವ ನಕ್ಕ. ಅವನು ಆ ಲಕ್ಷದಿಪ್ಪತ್ತೈದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಹಳೆಯ ಆಯಿಲ್ ಹನ್ನೆರಡು ಲೀಟರ್ ಚಿಲ್ಲರೆ ಉಳಿಯಿತಲ್ಲ, ಸ್ವಲ್ಪವನ್ನು ಅಡಿಕೆ ಸುಲಿಯುವ ಮಶೀನಿನ ಚೈನಿಗೆ ಬಿಟ್ಟು ಖಾಲಿ ಓಡಿಸಿ ನೋಡಿದೆ. ತೀರಾ ತೆಳು, ಸುತ್ತಲೂ ಚಿಮ್ಮಿತು. ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಒಂದು ಕಲೆ ಬಿದ್ದರೆ ದರ ಇಳಿಯುತ್ತದೆ, ಒರೆಸಿ ಗ್ರೀಸಿಗೇ ಮರಳಿದೆ. ಉಳಿದದ್ದನ್ನು ಹಳೇ ಆಯಿಲ್ ಒಯ್ಯುವವರಿಗೆ ಕೊಡಲೆಂದು ಗ್ಯಾರೇಜಿಗೆ ಒಪ್ಪಿಸಿದೆ. ತೋಟದ ಕಾಲುವೆಗೆ ಬಿಡುವವರ ಜೊತೆ ನನಗೆ ಮಾತಿಲ್ಲ.

ಇದನ್ನೆಲ್ಲ ಕಂಡು ಈಗ ಎಲ್ಲರೂ ತಮ್ಮ ಗಾಡಿ ತರುತ್ತೇವೆ ಎನ್ನುತ್ತಿದ್ದಾರೆ. ಸಿವಿಟಿಯವರು (ಗೇರಿನ ಬದಲು ಬೆಲ್ಟಿನ ಮೇಲೆ ಓಡುವ ಆಟೊಮ್ಯಾಟಿಕ್) ಬರಬೇಡಿ, ಅದರ ಆಯಿಲ್ ಬೇರೆ, ಮಟ್ಟ ನೋಡುವ ಕ್ರಮ ಬೇರೆ, ಡಬ್ಲ್ಯೂಎಸ್ ಹಾಕಿದರೆ ಬೆಲ್ಟ್ ಹಾಳು. ಎಎಂಟಿಯವರದ್ದು ಮಾಮೂಲಿ ಗೇರ್‌ಬಾಕ್ಸಿಗೇ ಕೂರಿಸಿದ ಯಂತ್ರದ ಕೈ, ಒಳಗಿರುವುದು ಗೇರ್ ಆಯಿಲ್. ಅದಕ್ಕೆ ನಾನು ಬೇಡ, ಯಾವ ಗ್ಯಾರೇಜಾದರೂ ನಡೆಯುತ್ತದೆ. ಟಾರ್ಕ್ ಕನ್ವರ್ಟರಿನವರು ಹಿಂದಿನ ಸಂಜೆಯೇ ಗಾಡಿ ತಂದು ನಿಲ್ಲಿಸಿ, ಆಯಿಲ್ ನೀವೇ ತನ್ನಿ, ಬಿಲ್ಲಿನ ಸಮೇತ.